ಉಬ್ಬಿದ ನರದ ಹುಣ್ಣಿಗೆ ಕೋಡ್ ಹಾಕುವ ಬಗೆ

ಮೊದಲು ರೋಗಗಳ ಕೋಡ್ ಪುಸ್ತಕ ಯಾವುದೆಂದು ನೋಡಿಕೊಳ್ಳಿ. ಗದಗ, ಹಾವೇರಿಯ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-10 ಇಟ್ಟುಕೊಂಡಿದ್ದರೆ ವೆರಿಕೋಸ್ (ಕಾಲಿನ ಉಬ್ಬಿದ ರಕ್ತನಾಳದ) ಹುಣ್ಣಿಗೆ ಐ83.0 (I83.0), ಜೊತೆಗೆ ಉರಿಯೂತವೂ ಇದ್ದರೆ ಐ83.2. ಅಲ್ಲಿ ಕಾಲಿನ ಇತರ ಹುಣ್ಣುಗಳ ಕೋಡ್ ಎಲ್97 (L97) ಸೇರಿಸಬಾರದು; ಎಲ್97 ವೆರಿಕೋಸ್ ಹುಣ್ಣನ್ನು ಹೊರಗಿಟ್ಟಿದೆ. ಹುಬ್ಬಳ್ಳಿಯಲ್ಲಿ ಕೂತು ಅಮೆರಿಕದ ರೋಗಿಗಳ ಚಾರ್ಟ್ ಮಾಡುವವರಿಗೆ ನೇರ ಉಲ್ಟಾ: ಅಮೆರಿಕದ ರೂಪವಾದ ಐಸಿಡಿ-10-ಸಿಎಂ (ಸಿಎಂ) ಪ್ರಕಾರ ಎಲ್97 ಬಿಟ್ಟರೆ ಕೆಲಸ ಅರ್ಧವೇ. ಎರಡೂ ಕಡೆ ದುಡಿದವರು ಎಡವುವುದು ಇಲ್ಲಿ.

ಸಿಎಂನಲ್ಲಿ ಐ83.0 ಆದಮೇಲಿನ ಅಂಕಿ ಕಾಲು ಹೇಳುತ್ತದೆ: ಬಲಕ್ಕೆ 1, ಎಡಕ್ಕೆ 2. ಕೊನೆಯದು ಜಾಗ: ತೊಡೆ 1, ಮೀನಖಂಡ 2, ಪಾದದ ಗಂಟು 3, ಹಿಮ್ಮಡಿ ಮತ್ತು ನಡುಪಾದ 4, ಪಾದದ ಉಳಿದ ಭಾಗ 5, ಮೊಣಕಾಲ ಕೆಳಗಿನ ಬೇರೆ ಜಾಗ 8. ಎರಡೂ ಕಾಲಿಗೆ ಸೇರಿಸಿದ ಒಂದೇ ಕೋಡ್ ಇಲ್ಲ, ಎರಡು ಬರೆಯಬೇಕು. ಎಲ್97ರಲ್ಲಿ ಕ್ರಮ ಬೇರೆ: ಮೊದಲು ಜಾಗ, ಆಮೇಲೆ ಕಾಲು, ಕೊನೆಗೆ ಆಳ. ಚರ್ಮವಷ್ಟೇ ಒಡೆದಿದ್ದರೆ 1, ಕೊಬ್ಬಿನ ಪದರ ಕಂಡರೆ 2, ಸ್ನಾಯು ಕೊಳೆತಿದ್ದರೆ 3, ಮೂಳೆ ಕೊಳೆತಿದ್ದರೆ 4. ಬಲ ಪಾದದ ಗಂಟಿನ ಹುಣ್ಣಿನಲ್ಲಿ ಕೊಬ್ಬು ಕಾಣುತ್ತಿದ್ದರೆ ಐ83.013, ಅದರ ಕೆಳಗೆ ಎಲ್97.312. ವೆರಿಕೋಸ್ ಹುಣ್ಣಿನಲ್ಲಿ ಎಲ್97 ಮೊದಲ ಸಾಲಿಗೆ ಬರುವುದಿಲ್ಲ. ಅದೇ ಹುಣ್ಣಿಗೆ ಉರಿಯೂತವೂ ಇದ್ದರೆ ಮೊದಲ ಕೋಡ್ ಐ83.213 ಆಗುತ್ತದೆ.

ಆಳವನ್ನು ನರ್ಸ್ ಬರೆದ ಟಿಪ್ಪಣಿಯಿಂದ ತೆಗೆದುಕೊಳ್ಳಬಹುದು, ರೋಗನಿರ್ಣಯ ಮಾತ್ರ ವೈದ್ಯರದೇ ಆಗಬೇಕು. ಹುಣ್ಣು ಪೂರ್ತಿ ಮಾಯ್ದಿದೆ ಎಂದು ಬರೆದಿದ್ದರೆ ಎಲ್97 ಇಲ್ಲ. ಮಾಯುತ್ತಿದೆ ಎಂದಿದ್ದರೆ ಇದೆ.

‘ಸ್ಟೇಸಿಸ್ ಅಲ್ಸರ್’ (ರಕ್ತ ನಿಂತು ಆದ ಹುಣ್ಣು) ಎಂದಷ್ಟೇ ಇದ್ದರೆ ಸಿಎಂ ಪುಸ್ತಕದ ಸೂಚಿ ಐ83ಕ್ಕೇ ಕಳಿಸುತ್ತದೆ. ವೆರಿಕೋಸ್ ಇಲ್ಲವೆಂದು ಸ್ಪಷ್ಟವಿದ್ದರೆ ಐ87.2 (ರಕ್ತನಾಳದ ದೀರ್ಘಕಾಲದ ದುರ್ಬಲತೆ) ಮತ್ತು ಎಲ್97. ಹಿಂದೆ ರಕ್ತ ಹೆಪ್ಪುಗಟ್ಟಿದ್ದರ ಪರಿಣಾಮವೆಂದು ವೈದ್ಯರು ಬರೆದರೆ ಬಲಗಾಲಿಗೆ ಐ87.011, ಎಡಗಾಲಿಗೆ ಐ87.012. ಸಕ್ಕರೆ ಕಾಯಿಲೆಯೂ ಇದ್ದು ಹುಣ್ಣಿನ ಕಾರಣ ಬರೆಯದಿದ್ದರೆ ಸಿಎಂ ನಿಯಮ ಹುಣ್ಣನ್ನು ಸಕ್ಕರೆ ಕಾಯಿಲೆಗೇ ಜೋಡಿಸುತ್ತದೆ; ಕಾರಣ ಯಾವುದೆಂಬ ಅನುಮಾನವಿದ್ದರೆ ವೈದ್ಯರಿಗೆ ಕ್ವೆರಿ (ಬರಹದ ಪ್ರಶ್ನೆ) ಕಳಿಸಿ.

ಇಲ್ಲಿಯ ಚಾರ್ಟಿನಲ್ಲಿ ಇನ್ನೊಂದು ಗುಂಡಿ ಇದೆ. ‘ನರ ಉಬ್ಬ್ಯಾವ್ರಿ, ಹುಣ್ಣು ಮಾಯವಲ್ದು’ ಎಂದು ರೋಗಿ ಹೇಳಿದ್ದನ್ನು ಯಾರೋ ‘ನರ್ವ್’ (ನರತಂತು) ಎಂದು ಬರೆದಿರುತ್ತಾರೆ. ನಮ್ಮ ಮಾತಿನಲ್ಲಿ ನರ ಎಂದರೆ ರಕ್ತನಾಳವೂ ಹೌದು. ರಕ್ತನಾಳದ ಸ್ಕ್ಯಾನ್ ಆದ ಡಾಪ್ಲರ್ ವರದಿ ತೆಗೆದು ನೋಡಿ, ಅನುಮಾನ ಉಳಿದರೆ ವೈದ್ಯರಿಂದಲೇ ತಿದ್ದಿಸಿ.