ರೇಸ್ ಓಡುವವರೂ ನಾವೇ, ಬಾವುಟ ಹಿಡಿಯುವವರೂ ನಾವೇ

ವಿಜಯಪುರದ ಕಡೆ ಸೈಕಲ್ ರೇಸ್ ಹೊಸದೇನಲ್ಲ. ಜಾತ್ರೆ ಬಂತೆಂದರೆ ಹಳ್ಳಿಗಳಲ್ಲಿ ರೇಸ್ ಇಡುತ್ತಾರೆ. ನಮ್ಮ ಜಿಲ್ಲೆಯ, ಪಕ್ಕದ ಬಾಗಲಕೋಟೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ಆದರೆ ದೊಡ್ಡ ರೇಸಿಗೆ ಹೋಗುವ ಮುಂಚೆ ತಮ್ಮ ವೇಗ ಎಷ್ಟಿದೆ ಅಂತ ಮಕ್ಕಳಿಗೆ ಗೊತ್ತಾಗಬೇಕು, ಅಲ್ವಾ? ಅದಕ್ಕೇ ನಮ್ಮ ಸಣ್ಣ ಕ್ಲಬ್ ವರ್ಷವಿಡೀ ತಿಂಗಳಿಗೊಂದು ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಗಡಿಯಾರದ ಎದುರು ಓಡುವ ರೇಸ್, ನಡೆಸಲು ಹೊರಟಿತು. ನಡೆಸುವ ಹೊಣೆ ನನಗೆ ಬಂತು.

ಗುಂಪು ರೇಸ್ ಬೇಡ ಎಂದು ಮೊದಲೇ ತೀರ್ಮಾನಿಸಿದೆವು. ಗುಂಪಿನಲ್ಲಿ ಮುಂದಿನವನ ಬೆನ್ನಿಗೆ ಅಂಟಿಕೊಂಡು ಸೈಕಲ್ ಹೊಡೆದರೆ ಗಾಳಿ ತಾಗದೆ ಸುಮಾರು ಮೂರನೇ ಒಂದು ಭಾಗ ಶ್ರಮ ಉಳಿಯುತ್ತದೆ. ಟೈಮ್ ಟ್ರಯಲ್‌ನಲ್ಲಿ ನಿಮಿಷಕ್ಕೊಬ್ಬರಂತೆ ಬಿಡುತ್ತೇವೆ. ಒಬ್ಬರನ್ನು ಹಿಡಿದರೆ ಎರಡು ಮೀಟರ್ ಪಕ್ಕಕ್ಕೆ ಸರಿದು ದಾಟಬೇಕು, ಹಿಂದೆ ಕೂರುವಂತಿಲ್ಲ. ಯಾರ ಕಾಲಲ್ಲಿ ಎಷ್ಟಿದೆಯೋ ಅಷ್ಟೇ ಲೆಕ್ಕ.

ತಿಕೋಟಾ ಕಡೆಗೆ ಹತ್ತು ಕಿಲೋಮೀಟರ್ ಹೋಗಿ, ತಿರುಗಿ ಬರುವುದು. ಮಳೆಗಾಲದಲ್ಲಿ ಪಡುವಣ ಗಾಳಿ ಎದೆಗೇ ಬಡಿಯುತ್ತದೆ. 'ಬರುವಾಗ ಅದೇ ಗಾಳಿ ತಳ್ಳುತ್ತಲ್ಲ, ಸರಿಹೋಯ್ತು' ಎಂದು ಹೊಸಬರು ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಹೋಗುವಾಗ ಗಂಟೆಗೆ 25 ಕಿ.ಮೀ. ವೇಗವಿದ್ದರೆ 24 ನಿಮಿಷ ಬೇಕು. ಬರುವಾಗ 45ರಲ್ಲಿ ಬಂದರೆ 13 ನಿಮಿಷ ಚಿಲ್ಲರೆ. ಸರಾಸರಿ 35 ಅಲ್ಲ, 32ರ ಆಸುಪಾಸು. ಎದುರುಗಾಳಿಯಲ್ಲೇ ಜಾಸ್ತಿ ಹೊತ್ತು ಕಳೆಯುತ್ತೀರಿ, ಹಾಗಾಗಿ ಹೋಗುವಾಗಲೇ ದುಡಿಯಬೇಕು. ಈ ಲೆಕ್ಕ ತಲೆಗೆ ಹತ್ತಿದ ಮೇಲೆ ಹುಡುಗರು ಹೊಡೆಯುವ ರೀತಿಯೇ ಬದಲಾಯಿತು.

ಟೈಮಿಂಗ್‌ಗೆ ದುಬಾರಿ ಯಂತ್ರವೇನೂ ಇಲ್ಲ. ಎಲ್ಲ ಮೊಬೈಲ್‌ಗಳ ಗಡಿಯಾರವನ್ನು ನೆಟ್‌ವರ್ಕ್ ಸಮಯಕ್ಕೆ ಇಡುತ್ತೇವೆ. ಬೆನ್ನಿನ ನಂಬರ್ ಒಂದಾದರೆ 6 ಗಂಟೆ 1 ನಿಮಿಷಕ್ಕೆ ಸ್ಟಾರ್ಟ್, 24 ಆದರೆ 6 ಗಂಟೆ 24ಕ್ಕೆ. ತಡವಾಗಿ ಬಂದವರಿಗೂ ಅದೇ ಸಮಯದಿಂದ ಲೆಕ್ಕ. ಫಿನಿಶ್‌ನಲ್ಲಿ ಒಬ್ಬರು ನಂಬರ್ ಕೂಗುತ್ತಾರೆ, ಇನ್ನೊಬ್ಬರು ಗಡಿಯಾರ ನೋಡಿ ಬರೆಯುತ್ತಾರೆ, ಮೂರನೆಯವರು ಗೆರೆಯನ್ನು ಸುಮ್ನೆ ವಿಡಿಯೋ ಮಾಡುತ್ತಿರುತ್ತಾರೆ. ತಕರಾರು ಬಂದರೆ ವಿಡಿಯೋ ತೋರಿಸಿದರಾಯಿತು.

ನನ್ನ ಮಟ್ಟಿಗೆ ಇಡೀ ರೇಸಿನ ಮುಖ್ಯ ಜಾಗ ಯು ಟರ್ನ್. ಅಲ್ಲಿ ನಾಲ್ಕು ಜನ ಇಲ್ಲದೆ ರೇಸ್ ಬಿಡುವುದೇ ಇಲ್ಲ. ನೂರು ಮೀಟರ್ ಮುಂಚೆ ಒಬ್ಬರು ಬಾವುಟ ಬೀಸಬೇಕು, ಇಬ್ಬರು ಎರಡೂ ಕಡೆಯ ವಾಹನ ನಿಲ್ಲಿಸಬೇಕು, ಒಬ್ಬರು ತಿರುಗಿದವರ ನಂಬರ್ ಬರೆಯಬೇಕು. ಈ ಕೆಲಸಕ್ಕೆ ನಾನು ಕಳಿಸುವುದು ಕ್ಲಬ್‌ನ ಅತಿ ವೇಗದ ಹುಡುಗರನ್ನೇ. ಸುಸ್ತಾದ ರೈಡರ್ ಎಲ್ಲಿ ಬ್ರೇಕ್ ಹಿಡಿಯುತ್ತಾನೆ, ಎಷ್ಟು ಅಗಲಕ್ಕೆ ತಿರುಗುತ್ತಾನೆ ಎಂಬುದು ಅವರಿಗೆ ಗೊತ್ತು. ಮೂರು ರೇಸ್ ಓಡಿದವರು ಒಂದರಲ್ಲಿ ಬಾವುಟ ಹಿಡಿಯಲೇಬೇಕು ಎಂಬ ನಿಯಮ ಮಾಡಿದೆವು. ಒಬ್ಬ ಹುಡುಗ ಬಂದು, 'ಅಣ್ಣಾ, ಈ ಸಲ ನಾ ಓಡ್ತೀನ್ರಿ, ಮುಂದಿನ ಸಲ ನಿಲ್ತೀನಿ' ಅಂದ. ಫಾರ್ಮ್‌ನಲ್ಲಿದ್ದ, ಆಸೆ ಸಹಜ. ಆದರೂ ಬಿಡಲಿಲ್ಲ. ಅವನು ಓಡಿದಾಗಲೆಲ್ಲ ಅವನಿಗಾಗಿ ಬೇರೆಯವರು ಬಾವುಟ ಹಿಡಿದು ನಿಂತಿದ್ದರಲ್ಲ.

ರಸ್ತೆ ನಮ್ಮೊಬ್ಬರದಲ್ಲ. ಪೊಲೀಸ್ ಠಾಣೆಗೆ ಮುಂಚೆಯೇ ಅರ್ಜಿ ಕೊಡುತ್ತೇವೆ. ಅದು ಸುಲಭದ ಭಾಗ. ಸುಗ್ಗಿಯಲ್ಲಿ ರೈತರು ತೊಗರಿ, ಜೋಳವನ್ನು ಡಾಂಬರಿನ ಮೇಲೆ ಹರಡಿ ರಾಶಿ ಮಾಡುತ್ತಾರೆ. ಆ ಹೊಟ್ಟಿನ ಮೇಲೆ ತೆಳ್ಳನೆಯ ಟಯರ್ ಜಾರುತ್ತದೆ. ಹಿಂದಿನ ಸಂಜೆಯೇ ಹೋಗಿ ಮಾತಾಡಿ, ಬೆಳಿಗ್ಗೆ ನಾವೇ ಪೊರಕೆ ಹಿಡಿದು ಗುಡಿಸುತ್ತೇವೆ. ಅವರ ವರ್ಷದ ದುಡಿಮೆ ಅದು, ತೆಗೆಯಿರಿ ಅಂತ ಹೇಳುವ ಹಕ್ಕು ನಮಗಿಲ್ಲ. ಕಬ್ಬಿನ ಕಾಲದಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಬರುತ್ತವೆ. ಅವು ತಕ್ಷಣ ನಿಲ್ಲಲಾರವು. ಅದಕ್ಕೆ ಆ ತಿಂಗಳುಗಳಲ್ಲಿ ಯು ಟರ್ನ್ ಅನ್ನು ದೂರದಿಂದ ಕಾಣುವ ನೇರ ರಸ್ತೆಗೆ ಸರಿಸುತ್ತೇವೆ. ಏಪ್ರಿಲ್, ಮೇನಲ್ಲಿ ಬಿಸಿಲಿಗೆ ಹೆದರಿ ದೂರ ಅರ್ಧ ಮಾಡುತ್ತೇವೆ.

ಸ್ಟೀಲ್ ಸೈಕಲ್‌ನಲ್ಲಿ ಬರುವ ಹಳ್ಳಿ ಮಕ್ಕಳಿಗೆ ಬೇರೆ ವಿಭಾಗವಿದೆ. ಹೆಲ್ಮೆಟ್ ಇಲ್ಲದವರಿಗೆ ಕ್ಲಬ್‌ನದ್ದೇ ಕೊಡುತ್ತೇವೆ, ಇಲ್ಲದೆ ಯಾರನ್ನೂ ಬಿಡುವುದಿಲ್ಲ. ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರು ಮೊದಮೊದಲು ಗಾಡಿ ಹತ್ತಿರ ನಿಂತು ನೋಡುತ್ತಿದ್ದರು. ಈಗ ಫಿನಿಶ್ ಟೇಬಲ್ ಪೂರ್ತಿ ಅವರ ಕೈಯಲ್ಲಿದೆ. ಸ್ವಂತ ಮಗಳ ನಂಬರ್ ಬಂದಾಗಲೂ ಒಬ್ಬ ತಾಯಿ ತಲೆ ಎತ್ತದೆ ಗಡಿಯಾರ ನೋಡಿ ಬರೆಯುತ್ತಾರೆ. ಅವರನ್ನು ನೋಡಿದರೆ ನನಗೆ ಹೆಮ್ಮೆ.

ಮುಂದಿನ ವರ್ಷಕ್ಕೆ ಬೇಕಿರುವುದು ಪ್ರಥಮ ಚಿಕಿತ್ಸೆ ಕಲಿತವರು. ಯು ಟರ್ನ್‌ನಲ್ಲಿ ಒಬ್ಬರು, ಫಿನಿಶ್‌ನಲ್ಲಿ ಒಬ್ಬರು. ನಮ್ಮಲ್ಲೇ ಇಬ್ಬರು ಕಲಿಯಲು ಮುಂದೆ ಬಂದಿದ್ದಾರೆ.