ಏಳು ರಾತ್ರಿ, ನಡುವೆ ನೆಲವಿಲ್ಲ: ಅಟ್ಲಾಂಟಿಕ್ ಹಡಗಿನಲ್ಲಿ ಹೊತ್ತು ಕಳೆಯುವುದು ಹೇಗೆ?

ಲಂಡನ್ನಿನಲ್ಲಿ ಮಗಳ ಮನೆ, ನ್ಯೂಜೆರ್ಸಿಯಲ್ಲಿ ಮಗನ ಮನೆ. ನಡುವಿನ ದಾರಿಗೆ ವಿಮಾನ ಬಿಟ್ಟು ಹಡಗು ಹಿಡಿಯಬಹುದೇ ಎಂದು ಕೇಳುವ ನಿವೃತ್ತರಿದ್ದಾರೆ. ಹಿಡಿಯಬಹುದು. ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ 345 ಮೀಟರ್ ಉದ್ದದ ‘ಕ್ವೀನ್ ಮೇರಿ 2’ 2004ರಿಂದ ಓಡಾಡುತ್ತಿದೆ. ಸಾಮಾನ್ಯ ಪ್ರಯಾಣ ಏಳು ರಾತ್ರಿಯದು. ಎರಡೂ ದೇಶಗಳ ವೀಸಾ ಮೊದಲೇ ಕೈಯಲ್ಲಿರಬೇಕು. ನಡುವೆ ಇಳಿಯಲು ಒಂದು ಬಂದರೂ ಇಲ್ಲ. ಆರು ದಿನ ಪೂರ್ತಿ ನೀರು.

ಮೆಡಿಟರೇನಿಯನ್ ಅಥವಾ ಸಿಂಗಪುರದ ಕ್ರೂಸ್ ಮಾಡಿದವರ ಅನುಭವ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ದಿನಕ್ಕೊಂದು ಊರು ಬಂದು ಹೊತ್ತನ್ನು ತಾನೇ ಹಂಚಿಕೊಡುತ್ತದೆ. ಇಲ್ಲಿ ಎದ್ದಾಗಿನಿಂದ ಮಲಗುವವರೆಗೆ ಕಿಟಕಿಯಾಚೆಯ ನೋಟ ಒಂದೇ. ಸಿಕ್ಕಿದ್ದಕ್ಕೆಲ್ಲ ಓಡುವವರು, ಬರೀ ವಿಶ್ರಾಂತಿ ಎಂದು ಮಲಗುವವರು, ಇಬ್ಬರೂ ಮೂರನೆಯ ದಿನಕ್ಕೆ ಬೇಸತ್ತು ಕೂರುತ್ತಾರೆ. ಮಧ್ಯಾಹ್ನ 12 ಗಂಟೆಯನ್ನು ಗೂಟ ಮಾಡಿಕೊಂಡು ಉಳಿದದ್ದನ್ನು ಅದರ ಸುತ್ತ ಕಟ್ಟಿಕೊಂಡವರಿಗೆ ಈ ತೊಂದರೆ ಕಡಿಮೆ.

ಹಂತ 1: ಟಿಕೆಟ್ ತೆಗೆಯುವಾಗಲೇ

ಕ್ಯಾಬಿನ್ ಹಡಗಿನ ಉದ್ದದ ನಡುಭಾಗದಲ್ಲಿರಲಿ, ಕೆಳಗಿನ ಡೆಕ್‌ಗಳಲ್ಲಿರಲಿ. ಹಡಗು ಅಲೆಗೆ ತೂಗುವಾಗ ಮೂತಿ ಮತ್ತು ಹಿಂಭಾಗ ಏರಿಳಿಯುವಷ್ಟು ನಡುಭಾಗ ಏರಿಳಿಯುವುದಿಲ್ಲ. ಮೇಲಿನ ಡೆಕ್‌ನ ಬಾಲ್ಕನಿ ಹೆಚ್ಚು ದುಬಾರಿ, ಹೊಯ್ದಾಟವೂ ಅಲ್ಲಿಯೇ ಹೆಚ್ಚು.

ಪೆಟ್ಟಿಗೆಗೆ ಹಾಕಬೇಕಾದವು: ಗಾಳಿ ತೂರದ ಜಾಕೆಟ್, ಕಿವಿ ಮುಚ್ಚುವ ಟೋಪಿ (ಜುಲೈನಲ್ಲೂ ಬೇಕು), ರಬ್ಬರ್ ಅಟ್ಟೆಯ ಶೂ, ಕೈಗಡಿಯಾರ, 8 × 42 ಅಳತೆಯ ಬೈನಾಕ್ಯುಲರ್. ಇದಕ್ಕಿಂತ ಹೆಚ್ಚು ದೊಡ್ಡದು ಮಾಡಿ ತೋರಿಸುವ ಬೈನಾಕ್ಯುಲರ್ ಬೇಡ. ಹಡಗಿನ ನಡುಕದಲ್ಲಿ ಚಿತ್ರ ನಿಲ್ಲುವುದೇ ಇಲ್ಲ. ಉತ್ತರ ಅಟ್ಲಾಂಟಿಕ್‌ನ ನಕ್ಷೆಯೊಂದನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿಕೊಳ್ಳಿ. ಅಕ್ಷಾಂಶ 38ರಿಂದ 55 ಡಿಗ್ರಿ ಉತ್ತರ, ರೇಖಾಂಶ 0ರಿಂದ 75 ಡಿಗ್ರಿ ಪಶ್ಚಿಮ ಅದರಲ್ಲಿರಬೇಕು, ಗೆರೆಗಳು ಸ್ಪಷ್ಟವಾಗಿ ಕಾಣಬೇಕು. ಪೆನ್ಸಿಲ್, ರಬ್ಬರ್ ಜೊತೆಗಿರಲಿ.

ರೈಸ್ ಕುಕ್ಕರ್, ಕಾಯಿಲ್, ಇಸ್ತ್ರಿಪೆಟ್ಟಿಗೆ ಬೇಡ. ಬೆಂಕಿಯ ಭಯಕ್ಕೆ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ.

ಹಂತ 2: ಹೊಟ್ಟೆಯನ್ನು ಮೊದಲು ಸರಿಮಾಡಿಕೊಳ್ಳಿ

ಒಳಗಿವಿ ‘ಅಲುಗಾಡುತ್ತಿದ್ದೇವೆ’ ಎನ್ನುತ್ತದೆ. ಕ್ಯಾಬಿನ್ನಿನ ಗೋಡೆ ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಜಗಳವೇ ತಲೆಸುತ್ತು, ವಾಕರಿಕೆ. ಆದ್ದರಿಂದ ಮಾತ್ರೆ ನುಂಗಬೇಕಾದದ್ದು ವಾಂತಿ ಶುರುವಾಗುವ ಮುನ್ನ. ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲೇ ನಿಲ್ಲದು. ಮೆಕ್ಲಿಜಿನ್, ಸಿನ್ನಾರಿಜಿನ್, ಪ್ರೊಮೆಥಜಿನ್ ಬಳಕೆಯಲ್ಲಿರುವ ಔಷಧಗಳು. ಮೂರರಿಂದಲೂ ನಿದ್ದೆ ಬರುತ್ತದೆ, ಮದ್ಯದ ಜೊತೆ ಸಲ್ಲವು. ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರು ಊರಿನಲ್ಲೇ ವೈದ್ಯರನ್ನು ಕೇಳಿ ಪ್ರಮಾಣ ಗೊತ್ತುಮಾಡಿಕೊಳ್ಳಬೇಕು. ಹಡಗಿನಲ್ಲಿ ವೈದ್ಯರಿದ್ದಾರೆ, ಆದರೆ ಅವರ ಬಿಲ್ ಟಿಕೆಟ್‌ನಲ್ಲಿ ಸೇರಿಲ್ಲ. ಪ್ರಯಾಣ ವಿಮೆ ಇಲ್ಲದೆ ಹತ್ತಬೇಡಿ.

ಹೊಯ್ದಾಟ ಜೋರಾದರೆ ಕ್ಯಾಬಿನ್ನಿನಲ್ಲಿ ಮುದುರಿಕೊಳ್ಳದೆ ನಡುಭಾಗದ ತೆರೆದ ಡೆಕ್‌ಗೆ ಬನ್ನಿ, ದಿಗಂತದ ಗೆರೆ ನೋಡುತ್ತ ಕೂರಿ. ಹಸಿದ ಹೊಟ್ಟೆ ಇನ್ನೂ ಕೆಟ್ಟದ್ದು: ಒಣ ಬಿಸ್ಕತ್ತು, ಹಸಿರು ಸೇಬು, ಶುಂಠಿ ಸ್ವಲ್ಪಸ್ವಲ್ಪವೇ ತಿನ್ನಿ. ಮೊಬೈಲ್ ಓದುವುದನ್ನು ಆ ದಿನಕ್ಕೆ ಬಿಡಿ. ಡೆಕ್‌ನ ಬಾಗಿಲುಗಳು ಭಾರ. ಗಾಳಿಯಲ್ಲಿ ಥಟ್ಟನೆ ಬಡಿಯುತ್ತವೆ. ಕೀಲಿನ ಕಡೆ ಬೆರಳಿಡಬೇಡಿ.

ಹಂತ 3: ಗಡಿಯಾರದ ಲೆಕ್ಕ

ಪಶ್ಚಿಮಕ್ಕೆ ಹೋಗುವಾಗ ಐದು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಭೂಮಿ 15 ಡಿಗ್ರಿ ತಿರುಗಲು ಒಂದು ಗಂಟೆ. ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಸುಮಾರು 72 ಡಿಗ್ರಿ. ಹೀಗಾಗಿ ಐದು ದಿನ 25 ಗಂಟೆಯವು. ಬೇಸರವಾಗುತ್ತದೆ ಎಂದು ಹೆದರುವವರಿಗೆ ಹೆಚ್ಚುವರಿ ಐದು ಗಂಟೆ ಉಡುಗೊರೆಯೋ ಶಿಕ್ಷೆಯೋ, ಅವರೇ ಹೇಳಬೇಕು. ಆದರೆ ನಿದ್ದೆಗಂತೂ ಇದು ವರ: ವಿಮಾನದಲ್ಲಿ ಇಳಿದವರಂತೆ ನಡುರಾತ್ರಿ ಕಣ್ಣುಬಿಟ್ಟು ಮಲಗುವ ಕಾಟವಿಲ್ಲ.

ಪೂರ್ವಕ್ಕೆ ಬರುವಾಗ ಇದು ತಿರುಗುಮುರುಗು. ಆ ಗಂಟೆಯನ್ನು ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೆ ಕಸಿದುಕೊಳ್ಳುತ್ತಾರೆ. 12 ಆಗುತ್ತಿದ್ದಂತೆ ಗಡಿಯಾರದಲ್ಲಿ 1. ಬೆಳಗಿನ ತಿಂಡಿ ತಡಮಾಡಿದವರಿಗೆ ಊಟಕ್ಕೆ ಹಸಿವೇ ಇರುವುದಿಲ್ಲ. ಆದ್ದರಿಂದ ಹಿಂದಿರುಗುವ ಪ್ರಯಾಣದಲ್ಲಿ ತಿಂಡಿ 8ರೊಳಗೆ ಮುಗಿಸಿ.

ಮೊಬೈಲ್ ಗಡಿಯಾರ ನಂಬಬೇಡಿ. ಫ್ಲೈಟ್ ಮೋಡ್‌ನಲ್ಲಿ ಅದು ತಾನಾಗಿ ಬದಲಾಗದು, ವೈಫೈ ಸಿಕ್ಕಾಗ ಯಾವುದೋ ಊರಿನ ಸಮಯ ತೋರಿಸಬಹುದು. ಉಪನ್ಯಾಸ ತಪ್ಪಿಸಿಕೊಳ್ಳುವವರಲ್ಲಿ ಮೊಬೈಲ್ ನೋಡಿ ಹೊರಟವರೇ ಹೆಚ್ಚು. ರಾತ್ರಿ ಮಲಗುವಾಗ ಕೈಗಡಿಯಾರ ತಿರುಗಿಸಿ ಮಲಗಿ. ಇನ್ಸುಲಿನ್‌ನಂತಹ, ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕಾದ ಔಷಧಿ ಇದ್ದರೆ 25 ಗಂಟೆಯ ದಿನಕ್ಕೆ ಏನು ಮಾಡಬೇಕೆಂದು ಹೊರಡುವ ಮುನ್ನವೇ ವೈದ್ಯರಿಂದ ಬರೆಸಿಕೊಳ್ಳಿ.

ಊರಿಗೆ ಕರೆ ಮಾಡುವ ಲೆಕ್ಕವೂ ದಿನದಿನಕ್ಕೆ ಸರಿಯುತ್ತದೆ. ಬೇಸಿಗೆಯ ಪ್ರಯಾಣದಲ್ಲಿ, ಹೊರಟ ದಿನ ಹಡಗಿನ ಬೆಳಗ್ಗೆ 8 ಎಂದರೆ ಬೆಂಗಳೂರಿನಲ್ಲಿ ಮಧ್ಯಾಹ್ನ 12.30. ಐದೂ ಬದಲಾವಣೆ ಮುಗಿದ ಮೇಲೆ ಅದೇ 8 ಗಂಟೆ ಅಲ್ಲಿ ಸಂಜೆ 5.30. ಬೆಳಗಿನ ತಿಂಡಿಯ ಹೊತ್ತು ಪ್ರಯಾಣವಿಡೀ ಕರೆಗೆ ಸರಿಹೋಗುತ್ತದೆ. ರಾತ್ರಿ ಊಟದ ನಂತರ ಮಾಡಿದರೆ ಊರಿನವರ ನಿದ್ದೆ ಕೆಡಿಸಿದಂತೆ. ಹಡಗು ಹೊರಡುವ ಮುನ್ನವೇ ಫ್ಲೈಟ್ ಮೋಡ್ ಹಾಕಿ, ಹಡಗಿನ ವೈಫೈ ಮೂಲಕವೇ ಮಾತಾಡಿ. ಇಲ್ಲದಿದ್ದರೆ ಫೋನ್ ತಾನಾಗಿ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿಯುತ್ತದೆ. ಮಾಮೂಲಿ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕ್ ಅದಕ್ಕೂ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ.

ಹಂತ 4: ಮಧ್ಯಾಹ್ನದ ಗೂಟ

ಪ್ರತಿ ಮಧ್ಯಾಹ್ನ ಧ್ವನಿವರ್ಧಕದಲ್ಲಿ ಹಡಗಿನ ಸ್ಥಾನ, ಗಾಳಿ, ಸಮುದ್ರದ ಸ್ಥಿತಿ ಹೇಳುತ್ತಾರೆ. ನಕ್ಷೆ ತೆಗೆದಿಟ್ಟುಕೊಂಡು ಆ ಸ್ಥಾನಕ್ಕೆ ಚುಕ್ಕೆ ಇಡಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಅಕ್ಷಾಂಶದ ಒಂದು ನಿಮಿಷ ಎಂದರೆ ಒಂದು ನಾಟಿಕಲ್ ಮೈಲಿ, 1.852 ಕಿ.ಮೀ. ನಿನ್ನೆಯ ಚುಕ್ಕೆಯಿಂದ ಇಂದಿನ ಚುಕ್ಕೆಗೆ ಇರುವ ಅಂತರವನ್ನು ಕಾಗದದ ಅಂಚಿನ ಮೇಲೆ ಗುರುತು ಮಾಡಿಕೊಂಡು, ನಕ್ಷೆಯ ಬದಿಯ ಅಕ್ಷಾಂಶದ ಅಳತೆಯಲ್ಲಿ, ಅದೇ ಎತ್ತರದಲ್ಲಿ ಇಟ್ಟು ಅಳೆಯಿರಿ. ವೇಗ 21 ನಾಟ್ (ಗಂಟೆಗೆ 21 ನಾಟಿಕಲ್ ಮೈಲಿ) ಇದ್ದರೆ 525 ಮೈಲಿ ಬರಬೇಕು. 504 ಎಂದು ಲೆಕ್ಕ ಹಾಕಿ ತಲೆ ಕೆರೆದುಕೊಳ್ಳುವವರು 24ರಿಂದ ಗುಣಿಸಿರುತ್ತಾರೆ. ಗಡಿಯಾರ ತಿರುಗಿದ ದಿನ ಅದು 25.

ಚುಕ್ಕೆಗಳು ನೇರ ಗೆರೆಯಲ್ಲಿ ಬರುವುದಿಲ್ಲ. ದುಂಡು ಭೂಮಿಯ ಮೇಲಿನ ಅತಿ ಹತ್ತಿರದ ದಾರಿ, ಚಪ್ಪಟೆ ನಕ್ಷೆಯಲ್ಲಿ ಉತ್ತರಕ್ಕೆ ಬಾಗಿ ಕಾಣುತ್ತದೆ. ವಸಂತ ಮತ್ತು ಬೇಸಿಗೆಯ ಆರಂಭದಲ್ಲಿ ಉತ್ತರದಿಂದ ಹರಿದುಬರುವ ಲ್ಯಾಬ್ರಡಾರ್ ಎಂಬ ಕಡಲ ಪ್ರವಾಹದೊಂದಿಗೆ ಮಂಜುಗಡ್ಡೆಗಳು ಕೆಳಗಿಳಿಯುವುದರಿಂದ, ಅವನ್ನು ತಪ್ಪಿಸಲು ದಾರಿಯನ್ನು ದಕ್ಷಿಣಕ್ಕೆ ಸರಿಸುವುದುಂಟು. 1912ರಲ್ಲಿ ಮುಳುಗಿದ ಟೈಟಾನಿಕ್‌ನ ಅವಶೇಷ 41 ಡಿಗ್ರಿ 43 ನಿಮಿಷ ಉತ್ತರ, 49 ಡಿಗ್ರಿ 56 ನಿಮಿಷ ಪಶ್ಚಿಮದಲ್ಲಿ, ಸುಮಾರು 3,800 ಮೀಟರ್ ಆಳದಲ್ಲಿದೆ. ಆ ಗುರುತನ್ನು ಮೊದಲೇ ಹಾಕಿಟ್ಟುಕೊಂಡರೆ ನಿಮ್ಮ ಹಡಗು ಅದಕ್ಕೆ ಎಷ್ಟು ಸಮೀಪ ಹಾದುಹೋಯಿತೆಂದು ನೋಡಬಹುದು.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿಯ ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಆಳ ಕಡಿಮೆಯಿರುವ ಕಡಲಿನಲ್ಲಿ ಗಲ್ಫ್ ಸ್ಟ್ರೀಮ್‌ನ ಬಿಸಿ ನೀರಿಗೆ ತಣ್ಣನೆಯ ಲ್ಯಾಬ್ರಡಾರ್ ಪ್ರವಾಹ ಬಂದು ತಾಗುತ್ತದೆ. ಅಲ್ಲಿ ದಟ್ಟ ಮಂಜು ಸಾಮಾನ್ಯ. ಆಗ ನಿಯಮದಂತೆ ಕನಿಷ್ಠ ಎರಡು ನಿಮಿಷಕ್ಕೊಮ್ಮೆ ಹಾರ್ನ್ ಉದ್ದಕ್ಕೆ ಕೂಗುತ್ತದೆ, ಗಾಬರಿಯಾಗಬೇಡಿ. ನಿದ್ದೆ ಸೂಕ್ಷ್ಮವಾಗಿದ್ದವರು ಹತ್ತಿ ಇಟ್ಟುಕೊಳ್ಳಿ.

ಹಂತ 5: ಬೆಳಗಿಗೆ ಒಂದು, ಸಂಜೆಗೆ ಒಂದು

ಮರುದಿನದ ಕಾರ್ಯಕ್ರಮ ಪಟ್ಟಿ ಹಿಂದಿನ ರಾತ್ರಿಯೇ ಕ್ಯಾಬಿನ್‌ಗೆ ಬರುತ್ತದೆ. ಪೆನ್ ಹಿಡಿದು ಎರಡೇ ಎರಡಕ್ಕೆ ಗೆರೆ ಹಾಕಿ: ಮಧ್ಯಾಹ್ನಕ್ಕೆ ಮುನ್ನ ಒಂದು, ನಂತರ ಒಂದು. ಮುಖ್ಯವಾಗಿ, ಒಂದು ಚಟುವಟಿಕೆ ದಿನವೂ ಮುಂದುವರಿಯುವಂಥದ್ದಾಗಿರಲಿ. ಪ್ರಯಾಣಿಕರ ಗಾಯನವೃಂದ, ಬ್ರಿಜ್ ಇಸ್ಪೀಟಾಟದ ಪಾಠ, ಬಾಲ್‌ರೂಮ್ ನೃತ್ಯದ ತರಗತಿ, ಒಬ್ಬನೇ ಉಪನ್ಯಾಸಕನ ಸರಣಿ, ಯಾವುದಾದರೂ ಸರಿ. ಬಿಡಿಬಿಡಿ ಕಾರ್ಯಕ್ರಮಗಳು ಮರುದಿನಕ್ಕೆ ಏನನ್ನೂ ಉಳಿಸುವುದಿಲ್ಲ, ಸರಣಿ ಉಳಿಸುತ್ತದೆ. ಗಾಯನವೃಂದಕ್ಕೆ ರಾಗ ಬರಲೇಬೇಕೆಂದಿಲ್ಲ, ಆದರೆ ಮೊದಲ ದಿನವೇ ಸೇರಬೇಕು.

ಪ್ರಶ್ನೋತ್ತರ ಸ್ಪರ್ಧೆಯಲ್ಲಿ ಭಾರತೀಯರೇ ಒಂದು ತಂಡವಾದರೆ ಇಂಗ್ಲೆಂಡಿನ ಹಳೆಯ ಪಾಪ್ ಹಾಡು, ಫುಟ್‌ಬಾಲ್ ಪ್ರಶ್ನೆಗಳಲ್ಲಿ ಸೋಲು ಖಚಿತ. ಬ್ರಿಟಿಷರ ಮೇಜಿಗೆ ಹೋಗಿ ಸೇರಿ. ಕ್ರಿಕೆಟ್ ಪ್ರಶ್ನೆಗೆ ನೀವು ಬೇಕಾಗುತ್ತೀರಿ. ಹಡಗಿನಲ್ಲಿ ತಾರಾಲಯವಿದೆ, ಅದರ ಪ್ರದರ್ಶನಗಳನ್ನು ಬಿಡಬೇಡಿ. 8ನೇ ಡೆಕ್‌ನ ಮುಂಭಾಗದಲ್ಲಿ ದೊಡ್ಡ ಗ್ರಂಥಾಲಯವಿದೆ. ಕನ್ನಡ ಪುಸ್ತಕ ಅಲ್ಲಿ ಹುಡುಕಬೇಡಿ, ಊರಿನಿಂದಲೇ ತನ್ನಿ. ದಪ್ಪ ಕಾದಂಬರಿ ಒಂದು, ಬಿಡಿಬಿಡಿಯಾಗಿ ಓದಬಹುದಾದದ್ದು ಒಂದು.

ಬಟ್ಟೆ ಒಗೆಯುವ ಯಂತ್ರಗಳಿಗೆ ಹಣ ಕೊಡಬೇಕಿಲ್ಲ, ಹಾಗಾಗಿಯೇ ಹಗಲಿನಲ್ಲಿ ಸಾಲು. ಎಲ್ಲರೂ ರಾತ್ರಿಯೂಟಕ್ಕೆ ಕೂತಾಗ ಅಥವಾ ಬೆಳಗ್ಗೆ ಬೇಗ ಹೋಗಿ.

ಹಂತ 6: ನಡಿಗೆ ಮತ್ತು ಬಿಸಿಲು

7ನೇ ಡೆಕ್‌ನಲ್ಲಿ ಹಡಗನ್ನು ಸುತ್ತುಹಾಕಬಹುದು. ಮೂರು ಸುತ್ತಿಗೆ ಸುಮಾರು 1.8 ಕಿ.ಮೀ. ಈ ಕಡಲಿನಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದ್ದು. ಅಮೆರಿಕಕ್ಕೆ ಹೋಗುವಾಗ 25 ನಾಟ್ ಎದುರುಗಾಳಿಗೆ ಹಡಗಿನ 21 ನಾಟ್ ಸೇರಿ, ಡೆಕ್ ಮೇಲೆ 46 ನಾಟ್ ಬಡಿಯುತ್ತದೆ. ಗಂಟೆಗೆ 85 ಕಿ.ಮೀ.! ಕನ್ನಡಕ, ಶಾಲು ಭದ್ರ. ಹಿಂದಿರುಗುವಾಗ ಅದೇ ಗಾಳಿ ಬೆನ್ನಿಗೆ ಬಿದ್ದು ಡೆಕ್ ಮೇಲೆ ನಾಲ್ಕೇ ನಾಟ್ ಉಳಿಯುತ್ತದೆ. ಗಾಳಿ ತೀರಾ ಜೋರಾದರೆ ಡೆಕ್ ಮುಚ್ಚುತ್ತಾರೆ. ಆಗ ಒಳಗಿನ ಉದ್ದದ ಕಾರಿಡಾರ್‌ಗಳೇ ಗತಿ.

ಬಿಸಿಲಿಗೆ ಕುರ್ಚಿ ಹಿಡಿಯುವವರು ದಿಕ್ಕು ನೋಡಿ. ಪಶ್ಚಿಮಕ್ಕೆ ಹೋಗುವಾಗ ದಕ್ಷಿಣ ನಿಮ್ಮ ಎಡಕ್ಕೆ, ನಡುಹಗಲಿನ ಬಿಸಿಲು ಆ ಬದಿಗೆ. ಬರುವಾಗ ಬಲಕ್ಕೆ. ಡಾಲ್ಫಿನ್, ತಿಮಿಂಗಿಲ ನೋಡಲು ಮೊದಲ ಮತ್ತು ಕೊನೆಯ ದಿನಗಳು ಉತ್ತಮ, ಏಕೆಂದರೆ ನೆಲದ ಸಮೀಪದ ಆಳವಿಲ್ಲದ ನೀರಿನಲ್ಲಿ ಅವಕ್ಕೆ ಮೇವು ಹೆಚ್ಚು.

ಹಂತ 7: ಊಟ

ಬೆಳಗಿನಿಂದ ನಡುರಾತ್ರಿವರೆಗೆ ಎಲ್ಲೋ ಒಂದು ಕಡೆ ತಿನ್ನಲು ಸಿಗುತ್ತಲೇ ಇರುತ್ತದೆ. ಬೇಸರಕ್ಕೆ ತಿನ್ನುವುದೇ ಇಲ್ಲಿನ ದೊಡ್ಡ ಕಾಯಿಲೆ. ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಕ್ವೀನ್ಸ್ ರೂಮ್‌ನಲ್ಲಿ ಬಿಳಿ ಕೈಗವಸಿನ ಪರಿಚಾರಕರು ಚಹಾ, ಸ್ಯಾಂಡ್‌ವಿಚ್, ಸ್ಕೋನ್ ತರುತ್ತಾರೆ. ಅದಕ್ಕೆ ಹೋಗುವ ದಿನ ಮಧ್ಯಾಹ್ನದ ಊಟ ಹಗುರವಾಗಿರಲಿ.

ಸಸ್ಯಾಹಾರ ಎಂದು ಬುಕಿಂಗ್‌ನಲ್ಲೇ ಬರೆಸಿ. ಹತ್ತಿದ ಸಂಜೆ ಊಟದ ಹಾಲ್‌ನ ಮೇಲ್ವಿಚಾರಕರಿಗೆ ಮತ್ತೆ ಹೇಳಿ, ಮರುದಿನ ಏನು ಬೇಕೆಂದು ಹಿಂದಿನ ರಾತ್ರಿಯೇ ತಿಳಿಸಿ. ಅನ್ನ, ಬೇಳೆ, ಪಲ್ಯ ಕೇಳಿದರೆ ಸಂಕೋಚವೇನಿಲ್ಲ. ಕ್ರೂಸ್ ಹಡಗುಗಳಲ್ಲಿ ಗೋವೆ, ಮಂಗಳೂರಿನ ಕಡೆಯ ಹುಡುಗರು ಕೆಲಸ ಮಾಡುವುದು ಹೊಸತಲ್ಲ. ಅಂಥವರು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ರಾತ್ರಿಯೂಟಕ್ಕೆ ಇಬ್ಬರ ಮೇಜಿಗಿಂತ ಎಂಟು ಜನರ ಮೇಜು ಕೇಳಿ, ಒಂದೂವರೆ ಗಂಟೆ ಮಾತಿನಲ್ಲೇ ಕಳೆಯುತ್ತದೆ. ವಿಧಿವತ್ತಾದ ಉಡುಪಿನ ರಾತ್ರಿಗಳಿಗೆ ರೇಷ್ಮೆ ಸೀರೆ, ಬಂದ್‌ಗಲಾ ಧಾರಾಳವಾಗಿ ಸಲ್ಲುತ್ತವೆ; ಇದಕ್ಕಾಗಿ ಟಕ್ಸೀಡೊ ಬಾಡಿಗೆಗೆ ತರಬೇಡಿ.

ಬಫೆಗೆ ಮುನ್ನ ಸೋಪಿನಲ್ಲಿ ಕೈ ತೊಳೆಯಿರಿ. ಹಡಗುಗಳಲ್ಲಿ ವಾಂತಿಭೇದಿ ಹರಡುವ ನೊರೊವೈರಸ್ ಮೇಲೆ ಸ್ಯಾನಿಟೈಸರ್‌ನ ಪ್ರಭಾವ ಕಡಿಮೆ.

ಹಂತ 8: ಕೊನೆಯ ರಾತ್ರಿ

ದೊಡ್ಡ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ರಾತ್ರಿ ಕ್ಯಾಬಿನ್ ಹೊರಗಿಡಬೇಕು. ಮರುದಿನದ ಉಡುಪು, ಶೂ, ಔಷಧಿ, ಪಾಸ್‌ಪೋರ್ಟ್ ಕೈಚೀಲದಲ್ಲಿರಲಿ. ಎಲ್ಲವನ್ನೂ ತುಂಬಿಟ್ಟು ಬೆಳಗ್ಗೆ ರಾತ್ರಿಯುಡುಪಿನಲ್ಲೇ ಉಳಿಯುವವರು ಇದ್ದೇ ಇರುತ್ತಾರೆ. ಹಡಗು ಬೆಳಗಿನ ಜಾವ ನ್ಯೂಯಾರ್ಕ್ ಬಂದರಿನ ಬಾಯಲ್ಲಿರುವ ವೆರಾಜಾನೊ ಸೇತುವೆಯಡಿ ಹಾಯುತ್ತದೆ, ಚಿಮಣಿಗೂ ಸೇತುವೆಗೂ ನಡುವೆ ಕೆಲವೇ ಮೀಟರ್ ಉಳಿಯುತ್ತದೆ. ಸ್ವಾತಂತ್ರ್ಯ ದೇವಿಯ ಪ್ರತಿಮೆ ಎಡಬದಿಗೆ ಬರುವುದರಿಂದ ಆ ಕಡೆಯ ಕಂಬಿ ಹಿಡಿದು ನಿಲ್ಲಿ. ಬಫೆಯಿಂದ ಎತ್ತಿಟ್ಟುಕೊಂಡ ಸೇಬು, ಬಾಳೆಹಣ್ಣು ಇಳಿಯುವ ಮುನ್ನ ತಿಂದು ಮುಗಿಸಿ ಅಥವಾ ಹಡಗಿನಲ್ಲೇ ಬಿಡಿ. ಹಡಗು ನಿಲ್ಲುವ ಬ್ರೂಕ್ಲಿನ್‌ನ ಕಸ್ಟಮ್ಸ್‌ನಲ್ಲಿ ಹೇಳದೆ ತಂದ ಒಂದೇ ಒಂದು ಹಣ್ಣಿಗೂ ದಂಡ ಬೀಳಬಹುದು. ಮನೆಯಿಂದ ತಂದ ಚಟ್ನಿಪುಡಿ, ಉಪ್ಪಿನಕಾಯಿ ಉಳಿದಿದ್ದರೆ ಫಾರಂ ಕೇಳಿದಾಗ ‘ಆಹಾರವಿದೆ’ ಎಂದೇ ಬರೆಯಿರಿ.