ವಹಿ ತೊಯ್ದ ಮೇಲೆ ಪದ ಹಿಡಿದದ್ದು

2019ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಸಾಂಗ್ಲಿಯ ಐರ್ವಿನ್ ಸೇತುವೆ ಹತ್ತಿರ ಕೃಷ್ಣೆ 57 ಅಡಿ ದಾಟಿ ಹರಿದಳು. ಅಲ್ಲಿ ಅಪಾಯದ ಮಟ್ಟವೇ 45 ಅಡಿ. ಅದೇ ಜಿಲ್ಲೆಯ ಪೂರ್ವದ ತುದಿಯಲ್ಲಿರುವ ನಮ್ಮ ಜತ್ತ ತಾಲೂಕಿನಲ್ಲಿ ಆಗಲೂ ಟ್ಯಾಂಕರ್ ಓಡುತ್ತಿದ್ದವು. ಮಿರಜ ಕಡೆಯ ನದಿದಂಡೆಯಿಂದ ಎದ್ದು ಬಂದವರು ಬೀಗರ ಮನೆ, ಮಠ, ಶಾಲೆ ಅಂತ ಸಿಕ್ಕಲ್ಲಿ ಇಳಿದುಕೊಂಡರು. ನೀರಿಲ್ಲದ ಊರಿಗೆ ನೀರು ಹೆಚ್ಚಾಗಿ ಬಂದವರು ಎಂದು ಅವರೇ ನಗುತ್ತಿದ್ದರು.

ನಾನು ಮದುವೆ, ಜಾತ್ರೆಗಳಿಗೆ ಸೌಂಡ್ ಹಚ್ಚುವವನು. ಕೈಯಲ್ಲಿ ಹಿಡಿಯುವಂಥ ಒಂದು ಝೂಮ್ ರೆಕಾರ್ಡರ್ ಇತ್ತು, ಡೊಳ್ಳಿನ ಪದ, ಭಜನಿ ಹಿಡಿಯುವ ಹವ್ಯಾಸವೂ ಇತ್ತು. ಬಂದವರಲ್ಲಿ ಬೇರೆ ಬೇರೆ ಊರಿನ ಭಜನಿ ಮೇಳದವರಿದ್ದಾರೆ ಅಂತ ಗೊತ್ತಾದದ್ದು ಮಠದಲ್ಲಿ, ಶ್ರಾವಣದ ಸಂಜೆ ಭಜನಿಗೆ. ನಮ್ಮೂರ ಮೇಳ ಪದ ಎತ್ತಿದರೆ ಹಿಂದಿನ ಸಾಲಿನಿಂದ ಹಿಮ್ಮೇಳ ನಮಗಿಂತ ಗಟ್ಟಿಯಾಗಿ ಬಂತು.

ಅವರ ಪೇಟಿ ಅಂದರೆ ಹಾರ್ಮೋನಿಯಂ, ತಬಲಾ ಹೋದದ್ದಕ್ಕಿಂತ ದೊಡ್ಡ ಸಂಕಟ ವಹಿಯದು. ಮೇಳದ ಹಿರಿಯರೊಬ್ಬರು, ಎಲ್ಲರೂ ಅಜ್ಜಾರ ಅಂತ ಕರೆಯುವವರು, ತಂದೆಯ ಕಾಲದಿಂದ ಬರೆದಿಟ್ಟ ಪದದ ವಹಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು. ಬಿಚ್ಚಿ ನೋಡಿದರೆ ಹಳೆಯ ಹಾಳೆಗಳಲ್ಲಿ ಶಾಯಿ ಪೆನ್ನಿನ ಬರಹವೆಲ್ಲ ನೀಲಿ ಕಲೆ. ಹಾಳೆಗೆ ಹಾಳೆ ಅಂಟಿತ್ತು. ಬಾಲ್‌ಪೆನ್ನಿನಲ್ಲಿ ಬರೆದದ್ದು ಮಾತ್ರ ಉಳಿದಿತ್ತು, ಅದೂ ಬಹಳಷ್ಟು ಮರಾಠಿ ಲಿಪಿಯಲ್ಲಿ. ಮೇಳದ ಹುಡುಗರು ಮರಾಠಿ ಶಾಲೆಯಲ್ಲಿ ಕಲಿತವರು. ಕನ್ನಡ ಪದವನ್ನು ಆ ಲಿಪಿಯಲ್ಲಿ ಇಳಿಸುತ್ತಾರೆ, ಹ್ರಸ್ವ ಎ, ಒ ಅಲ್ಲಿ ನಿಲ್ಲುವುದಿಲ್ಲ. ಹಾಡು ಗೊತ್ತಿದ್ದವರಿಗೆ ಆ ಬರಹ ಸಾಕು, ಗೊತ್ತಿಲ್ಲದವರಿಗೆ ಅದು ಸಾಲದು.

ಮೇಳದ ಕಾಲೇಜು ಹುಡುಗನೊಬ್ಬ, "ಅಣ್ಣಾ, ಸ್ಟುಡಿಯೋಕ್ಕ ಹೋಗೂನ್ರಿ. ಒಬ್ಬೊಬ್ಬರದು ಬ್ಯಾರೆ ಬ್ಯಾರೆ ಟ್ರ್ಯಾಕ್ ತಗೊಂಡ್ರ ಕ್ಲೀನ್ ಬರ್ತೈತಿ" ಅಂದ. ಸಿನಿಮಾ ಹಾಡಿಗೆ ಆ ಮಾತು ಸರಿ. ಇಲ್ಲಿ ಬೇಡ ಅಂದೆ. ಕಾರಣ ಅದೇ ಸಂಜೆ ಕಣ್ಣೆದುರೇ ಇತ್ತು. ಅಜ್ಜಾರು ಒಂದು ತತ್ವಪದ ಎತ್ತಿದರು. ಎರಡು ನುಡಿ ಸಲೀಸಾಗಿ ಬಂತು, ಮೂರನೆಯದಕ್ಕೆ ನಿಂತರು. ದಮ್ಮಡಿ ಬಾರಿಸುತ್ತಿದ್ದ ಕಾಕಾ, ಮುಮ್ಮೇಳದಲ್ಲಿ ಎಂದೂ ಹಾಡದವರು, ಕೈ ನಿಲ್ಲಿಸದೆ ನುಡಿಯ ಮೊದಲ ಅರ್ಧ ಅಂದುಬಿಟ್ಟರು. ಉಳಿದರ್ಧ ಗೋಡೆಗೆ ಒರಗಿ ಕುಂತಿದ್ದ ಪಕ್ಕದೂರಿನ ಅಕ್ಕನಿಂದ ಬಂತು. ಬಳಿಕ ಕಾಕಾನನ್ನು ಒಬ್ಬರನ್ನೇ ಕೂಡಿಸಿ ಆ ನುಡಿ ಇನ್ನೊಮ್ಮೆ ಹೇಳ್ರಿ ಅಂದರೆ, "ಹಂಗ ಬರೂದಿಲ್ಲೋ ತಮ್ಮಾ, ಅಜ್ಜಾರು ಎರಡನೇ ನುಡಿ ಮುಗಿಸಿ ಉಸರು ತಗೊಂಡ್ರ ಬಾಯಾಗ ಬರ್ತೈತಿ" ಅಂದರು. ಪದ ಯಾರೊಬ್ಬರ ತಲೆಯಲ್ಲೂ ಪೂರ್ತಿ ಇರಲಿಲ್ಲ. ಇಂಥವರನ್ನು ಗಾಜಿನ ಕೋಣೆಯಲ್ಲಿ ಒಬ್ಬೊಬ್ಬರಾಗಿ ನಿಲ್ಲಿಸಿದರೆ ಸಿಗುವುದು ಸ್ವಚ್ಛವಾದ ತುಂಡುಗಳು. ಹಾಗಾಗಿ ಎಲ್ಲರೂ ಒಟ್ಟಿಗೆ, ಊರಲ್ಲಿ ಕೂಡುತ್ತಿದ್ದ ಸಾಲಿನಲ್ಲೇ ಕುಂತು, ಪದದ ನಡುವೆ ನಿಲ್ಲಿಸದೆ ಹಿಡಿಯುವುದು ಎಂದು ಗೊತ್ತು ಮಾಡಿಕೊಂಡೆವು. ಉಳಿದ ಎಲ್ಲ ಏರ್ಪಾಡೂ ಇದರ ಹಿಂದೆಯೇ ಬಂತು.

ಜಾಗಕ್ಕೆ ಮಂಗಲ ಕಾರ್ಯಾಲಯ ಕೊಡುತ್ತೇವೆ ಅಂದವರಿದ್ದರು. ತಗಡಿನ ಮಾಡು, ಬೋಳು ಗೋಡೆ, ಚಪ್ಪಾಳೆ ಹೊಡೆದರೆ ದನಿ ತಿರುಗಿ ಬರುತ್ತಿತ್ತು. ಅದನ್ನು ಬಿಟ್ಟು ಮಠದ ಹಿಂದಿನ ಹಳೆ ಮಾಳಿಗೆಯ ಕೋಣೆ ಆರಿಸಿದೆ. ಮೊಳಕ್ಕೂ ಮಿಕ್ಕಿದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮೇಲ್ಮುದ್ದೆ, ಒಂದು ಬದಿಗೆ ಜೋಳದ ಚೀಲಗಳ ಥಪ್ಪಿ. ತಬಲಾದ ಜೋಡಿಯಾದ ಡಗ್ಗಾದ ಗುಂ ಎನ್ನುವ ದನಿ ಮೂಲೆಯಲ್ಲಿ ಕೂಡಿ ಗದ್ದಲ ಮಾಡದಂತೆ ಆ ಚೀಲಗಳೇ ನುಂಗಿದವು. ಎದುರಿನ ಗೋಡೆಗೆ ಕೌದಿ ತೂಗುಹಾಕಿದೆವು. ಕೌದಿಯನ್ನು ಗೋಡೆಗೆ ಹತ್ತಿಸದೆ ಗೇಣಿನಷ್ಟು ಬಿಟ್ಟು ಕಟ್ಟಬೇಕು, ಆಗ ದನಿ ಹೆಚ್ಚು ಹೀರುತ್ತದೆ. ದುಡ್ಡು ಕೊಟ್ಟು ಫೋಮ್ ಅಂಟಿಸಿದ ಎಷ್ಟೋ ಕೋಣೆಗಳಿಗಿಂತ ಇದು ಚಲೋ ಕೇಳುತ್ತದೆ ಎಂದು ಈಗಲೂ ಹೇಳುತ್ತೇನೆ.

ವಾದ್ಯಗಳೆಲ್ಲ ಎರವಲು. ನೀರು ಹೊಕ್ಕ ಪೇಟಿಯೊಂದು ಬಂದಿತ್ತು. ತಿದಿಯ ಅಂಟು ಬಿಟ್ಟಿತ್ತು, ಕಟ್ಟಿಗೆ ಉಬ್ಬಿ ಕರಿ ಬಿಳಿ ಮನೆಗಳು ಕಚ್ಚಿಕೊಂಡಿದ್ದವು. ಇಂಥದ್ದನ್ನು ಬಿಸಿಲಿಗಿಟ್ಟರೆ ಕಟ್ಟಿಗೆ ಸೀಳುತ್ತದೆ. ಬಿಚ್ಚಿ ನೆರಳಲ್ಲಿ ಗಾಳಿಗಿಡಬೇಕು. ಹಿತ್ತಾಳೆಯ ರೀಡುಗಳನ್ನು ಮಾತ್ರ ತೆಗೆದು ಮೆತ್ತನೆ ಬ್ರಶ್ಶಿನಿಂದ ಕೆಸರು ಬಿಡಿಸಿ ಒರೆಸಿಟ್ಟೆವು. ಸ್ವರ ಸರಿಪಡಿಸಲು ನಾವು ಕೈ ಹಾಕಲಿಲ್ಲ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ, ಒಮ್ಮೆ ಕೆರೆದದ್ದು ಮತ್ತೆ ಬೆಳೆಯುವುದಿಲ್ಲ. ಅದನ್ನು ಮುಂದೆ ಮಿರಜದ ಕಾರಾಗೀರರ ಹತ್ತಿರ ಒಯ್ದರು. ಸಿತಾರ, ತಂಬೂರಿ ಮಾಡುವ ಊರದು, ಕಿವಿ ತಯಾರಾದವರು ಅಲ್ಲಿದ್ದಾರೆ.

ಮಠದ ಪೇಟಿ ಇಸಿದುಕೊಂಡೆವು. ಅಜ್ಜಾರ ದನಿ ಕರಿ ಒಂದಕ್ಕೆ, ಅಂದರೆ ಪೇಟಿಯ ಮೊದಲ ಕರಿ ಮನೆಯ ಸ್ವರಕ್ಕೆ ಕೂಡುತ್ತದೆ. ಸಿಕ್ಕ ತಬಲಾದ ಬಾಯಿ ದೊಡ್ಡದು, ಅದಕ್ಕಿಂತ ಅರ್ಧ ಸ್ವರ ಕೆಳಗಿನ ಬಿಳಿ ಒಂದರಲ್ಲಿ ನಿಂತಿತ್ತು, ಮೋಡದ ಹವೆಗೆ ಇನ್ನೂ ಕೆಳಗೆ ಜಾರುತ್ತಿತ್ತು. ಅಜ್ಜಾರನ್ನು ಅರ್ಧ ಸ್ವರ ಇಳಿಸಿದರೆ ನಡೆಯುತ್ತಿತ್ತು ಅನ್ನಬಹುದು. ಆದರೆ ಮನೆಮಠ ಬಿಟ್ಟು ಬಂದ ಮನುಷ್ಯನಿಗೆ ತನ್ನ ದನಿಯ ಜಾಗವನ್ನೂ ಬಿಡು ಅನ್ನುವುದು ನನಗೆ ಸರಿ ಕಾಣಲಿಲ್ಲ. ತಬಲಾವನ್ನು ಉರಿಯುವ ಹಳೆ ಬಲ್ಬಿನ ಹತ್ತಿರ ಇಟ್ಟು, ಬಾರಿನ ಕೆಳಗಿನ ಕಟ್ಟಿಗೆ ಗಟ್ಟಿಗಳನ್ನು ಸುತ್ತಲೂ ಸ್ವಲ್ಪ ಸ್ವಲ್ಪವೇ ಬಡಿದು ಕರಿ ಒಂದಕ್ಕೆ ಏರಿಸಿದೆವು. ಒಂದೇ ಕಡೆ ಬಡಿದರೆ ಚರ್ಮ ಹರಿಯುತ್ತದೆ. ಪ್ರತಿ ಪದಕ್ಕೂ ಮೊದಲು ಪೇಟಿಯ ಸಾ ಹಿಡಿದು ತಬಲಾ ನೋಡಲೇಬೇಕಿತ್ತು.

ರೆಕಾರ್ಡರ್ ಒಂದೇ, ಅದರ ತಲೆಯ ಎರಡು ಮೈಕಷ್ಟೇ. ಸ್ಟ್ಯಾಂಡಿಗೆ ಹಚ್ಚಿ ಅಜ್ಜಾರ ಗದ್ದದ ಎತ್ತರಕ್ಕೆ, ನಾಲ್ಕಡಿ ದೂರದಲ್ಲಿ ನಿಲ್ಲಿಸಿದೆ. ಹಿಮ್ಮೇಳದವರು ಅವರ ಎರಡೂ ಪಕ್ಕಕ್ಕೆ ಅರ್ಧಚಂದ್ರದ ಹಾಗೆ. ಪೇಟಿಯ ಬೆನ್ನು ಮೈಕಿನ ಕಡೆ, ನುಡಿಸುವವರ ಕಡೆಗೆ ದನಿ ಹೋಗಲಿ ಅಂತ. ತಬಲಾ ಒಂದು ಹೆಜ್ಜೆ ಹಿಂದೆ. ತಾಳದವರು ಎಲ್ಲರಿಗಿಂತ ಹಿಂದೆ, ಮೈಕಿನ ನೇರಕ್ಕಲ್ಲದೆ ಬದಿಗೆ. ಆ ಕಂಚಿನ ಕಿಣಿಕಿಣಿ ಹತ್ತಿರ ಬಂದರೆ ಮಾತೇ ಕೇಳುವುದಿಲ್ಲ, ಮತ್ತು ನಮಗೆ ಬೇಕಿದ್ದದ್ದು ಮಾತು. ಹೆಚ್ಚು ಕಡಿಮೆ ಅನಿಸಿದರೆ ಬಟನ್ ತಿರುಗಿಸದೆ ಮನುಷ್ಯರನ್ನೇ ಸರಿಸುತ್ತಿದ್ದೆ. 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲು. ಗಂಟೆಗೆ ಸುಮಾರು ಒಂದು ಜಿಬಿ ಆಗುತ್ತದೆ, 32 ಜಿಬಿ ಕಾರ್ಡಿನಲ್ಲಿ ಭಯವಿಲ್ಲ. ಅತಿ ಏರು ದನಿಯೂ ಮೈನಸ್ 12 ಡೆಸಿಬಲ್‌ನ ಆಸುಪಾಸಿನಲ್ಲಿ ನಿಲ್ಲುವಂತೆ ಇಟ್ಟೆ, ಏಕೆಂದರೆ ಭಜನಿಯವರು ರಂಗೇರಿದ ಮೇಲೆ ತಾಲೀಮಿನಷ್ಟಕ್ಕೇ ನಿಲ್ಲುವುದಿಲ್ಲ. ಕರೆಂಟು ನಂಬದೆ ಸೆಲ್ ಹಾಕಿದೆ, ಬಲ್ಬು ಹೋದರೂ ಹಾಡು ನಡೆಯಿತು. ರೆಕಾರ್ಡರ್ ಅನ್ನು ಸಂಜೆ ಚಾಲೂ ಮಾಡಿದರೆ ಚಹಾ ಬಂದಾಗಲೂ ಬಂದ್ ಮಾಡುತ್ತಿರಲಿಲ್ಲ. ಮರೆತ ನುಡಿಗಳು ಎಷ್ಟೋ ಸಲ ಬಂದದ್ದು ಕಪ್ಪು ಕೈಯಲ್ಲಿದ್ದಾಗ, "ಹೌದಲಾ, ಅದರ ಮುಂದ ಹಿಂಗೈತಿ" ಅನ್ನುವ ಮಾತಿನ ನಡುವೆ.

ಫೈಲುಗಳಲ್ಲಿ ಎರಡು ತರ ಮಾಡಿದೆ. ಕೆಮ್ಮು, ಮಾತು, ಮಗುವಿನ ಅಳು ಎಲ್ಲ ಇದ್ದ ಮೂಲವನ್ನು ಮುಟ್ಟದೆ ಎರಡು ಹಾರ್ಡ್‌ಡಿಸ್ಕಿಗೆ ಹಾಕಿ ಬೇರೆ ಬೇರೆ ಮನೆಯಲ್ಲಿಟ್ಟೆವು. ಪದ ಪದ ಬಿಡಿಸಿದ ಎಂಪಿ3 ಮೊಬೈಲಿಗೆ. ಮರಾಠಿ ಲಿಪಿಯಲ್ಲಿ ಬರೆದಿದ್ದ ಹುಡುಗನೇ ಅದನ್ನು ಕೇಳಿ ಕೇಳಿ ಹೊಸ ವಹಿ ಬರೆದ. ಬರೆದದ್ದನ್ನು ಅಕ್ಕನ ಮುಂದೆ ಓದುವುದು, ಆಕೆ ತಿದ್ದುವುದು.

ಹೆಸರಿಡುವಾಗ ಜಗಳ ಬಿತ್ತು. ಫೈಲಿಗೆ ಪಲ್ಲವಿಯ ಮೊದಲ ಮಾತು, ಹಾಡಿದವರು, ಊರು, ತಾರೀಖು ಇಷ್ಟಿರಲಿ ಅಂದಿದ್ದೆ. ಒಂದು ಪದಕ್ಕೆ ಎರಡು ಊರಿನವರು "ಇದು ನಮ್ಮದ" ಅಂದರು. ಧಾಟಿ ತಮ್ಮದೆಂದು ಒಬ್ಬರು, ಕೊನೆಯ ನುಡಿ ತಮ್ಮಲ್ಲಷ್ಟೇ ಇದೆ ಎಂದು ಇನ್ನೊಬ್ಬರು. ಅಜ್ಜಾರು ಯಾರ ಕಡೆಗೂ ಹೇಳಲಿಲ್ಲ. ಎರಡೂ ಊರಿನ ಹೆಸರು ಹಾಕಿದೆ, ಫೈಲಿನ ಹೆಸರು ಮೊಬೈಲಿನಲ್ಲಿ ಪೂರ್ತಿ ಕಾಣದಷ್ಟು ಉದ್ದವಾಯಿತು. ಎರಡನೇ ಊರಿನವರು ಈಗಲೂ ಅದಕ್ಕೆ ತಕರಾರು ಮಾಡುತ್ತಾರೆ.